ಹಾಸ್ಟೆಲ್ಲು ಕೊಟ್ಟ ನಗು

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯ ಮಾತು ಬಂದಾಗಲೆಲ್ಲ ನಮ್ಮ ಗೋಷ್ಠಿಗಳಲ್ಲಿ ಒಂದೇ ಚಿತ್ರ ಎದುರು ನಿಲ್ಲುತ್ತದೆ. ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರು; ಅವರಲ್ಲೊಬ್ಬರು ಲೇಖಕರ ಅಪ್ಪ. ಆ ಚಿತ್ರವನ್ನು ಮರೆಯಲು ಸಾಧ್ಯವಿಲ್ಲ, ಮರೆಯಲೂಬಾರದು. ಆದರೆ ಅಲ್ಲೇ ನಿಂತುಬಿಟ್ಟರೆ ಪುಸ್ತಕದ ಬಹುಪಾಲು ನಮ್ಮ ಕೈತಪ್ಪುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಆ ಹುಡುಗ ಬೆಂಗಳೂರಿಗೆ ಬಂದ. ಶ್ರೀರಾಂಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿ ಉಂಡು ಮಲಗಿ, ಪಕ್ಕದ ಸ್ಮಶಾನದಲ್ಲಿ ಕೂತು ಓದಿ ಕವಿಯಾದ. ‘ಊರು ಕೇರಿ’ ನನ್ನ ಮಟ್ಟಿಗೆ ಮೊದಲಿಗೆ ಒಂದು ಹಾಸ್ಟೆಲ್ಲಿನ ಪುಸ್ತಕ. ಅದನ್ನು ಹಾಗೆ ಓದಿದರೆ ಏನು ಸಿಗುತ್ತದೆ ಎಂಬುದೇ ಈ ಬರಹದ ವಿಷಯ.

ಈ ಆತ್ಮಕಥೆ ಬಂದಾಗ ಓದುಗರನ್ನು ಬೆರಗುಗೊಳಿಸಿದ್ದು ಅದರ ನಗು. ಸಿಟ್ಟನ್ನು ನಿರೀಕ್ಷಿಸಿದವರಿಗೆ ತಮಾಷೆ ಸಿಕ್ಕಿತು. ಈ ನಗುವಿನ ಮಹತ್ವವನ್ನು ಮೊದಲು ಗುರುತಿಸಿದವರಲ್ಲಿ ಡಿ. ಆರ್. ನಾಗರಾಜ್ ಒಬ್ಬರು. ಅದು ಬಡವರ ಶಕ್ತಿ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಜೊತೆಗೆ ಒಂದು ಪ್ರಶ್ನೆ ಸೇರಿಸುತ್ತೇನೆ. ಈ ನಗು ಬೆಳೆಯಲು ಜಾಗ ಎಲ್ಲಿ ಸಿಕ್ಕಿತು? ಕೇರಿಯ ನಗು ಕೇರಿಯಲ್ಲೇ ಉಳಿಯುತ್ತಿತ್ತು. ಕಾಲೇಜಿನ ತರಗತಿಯಲ್ಲಿ ಅಂಥ ಹುಡುಗ ಎಷ್ಟೇ ಜಾಣನಾದರೂ ತನ್ನ ಜಾತಿಯ ಪ್ರತಿನಿಧಿ. ಅವನು ಸರಿಯಾದ ಉತ್ತರ ಹೇಳಿದರೆ ಆಶ್ಚರ್ಯ, ತಪ್ಪು ಹೇಳಿದರೆ ‘ಇವರೆಲ್ಲ ಹೀಗೇ’ ಎಂಬ ಪಿಸುಮಾತು. ಹಾಸ್ಟೆಲ್ಲಿನಲ್ಲಿ ಎಲ್ಲರೂ ಅದೇ ಬಾಗಿಲಿನಿಂದ ಬಂದವರು. ಅಲ್ಲಿ ಜಾತಿ ಸುದ್ದಿಯೇ ಅಲ್ಲ. ಹಾಗಾಗಿ ಅವನು ಅಲ್ಲಿ ಸೋಮಾರಿಯಾಗಬಹುದು, ಭಾಷಣಕಾರನಾಗಬಹುದು, ಗೆಳೆಯನ ಕವಿತೆಯನ್ನು ಕೆಟ್ಟದಾಗಿದೆ ಎನ್ನಬಹುದು, ತನ್ನನ್ನು ನೋಡಿ ತಾನೇ ನಗಬಹುದು. ಪರರ ನಡುವೆ ತನ್ನನ್ನು ನೋಡಿ ನಗುವುದು ಅಪಾಯ. ತನ್ನವರ ನಡುವೆ ಅದು ಆರೋಗ್ಯ.

ಈ ಮಾತಿಗೆ ದೂರದ ಒಂದು ಸಾಕ್ಷಿ ಇದೆ. ಅಮೆರಿಕದಲ್ಲಿ ಕರಿಯರಿಗಾಗಿ ಹುಟ್ಟಿದ ಕಾಲೇಜುಗಳು ಇಂದಿಗೂ ನೂರರಷ್ಟಿವೆ. ಅವುಗಳಲ್ಲಿ ಹೆಸರಾದದ್ದು ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯ, ಅಂತರ್ಯುದ್ಧ ಮುಗಿದ ಎರಡು ವರ್ಷಕ್ಕೆ, 1867ರಲ್ಲಿ ಶುರುವಾದದ್ದು. ಟೋನಿ ಮಾರಿಸನ್ ಅಲ್ಲಿ ಓದಿದರು. ಟಾ-ನೆಹಿಸಿ ಕೋಟ್ಸ್ 2015ರಲ್ಲಿ ತಮ್ಮ ಮಗನಿಗೆ ಪತ್ರದ ರೂಪದಲ್ಲಿ ಬರೆದ ಪುಸ್ತಕದಲ್ಲಿ ಹೊವರ್ಡನ್ನು ‘ಮೆಕ್ಕಾ’ ಎಂದೇ ಕರೆಯುತ್ತಾರೆ. ಅಲ್ಲಿಂದ ಅವರು ಪದವಿ ಪಡೆಯಲಿಲ್ಲ, ಆದರೂ ಅದು ತನ್ನನ್ನು ರೂಪಿಸಿತು ಎನ್ನುತ್ತಾರೆ. ಹೇಗೆ? ಆಫ್ರಿಕಾದ ರಾಜವೈಭವದ ಕನಸು ಕಟ್ಟಿಕೊಂಡು ಬಂದ ಹುಡುಗನ ಕನಸನ್ನು ಒಡೆದವರು ಅಲ್ಲಿನ ಇತಿಹಾಸದ ಮೇಷ್ಟ್ರುಗಳೇ. ನನಗೆ ಇದು ಮುಖ್ಯ. ತನ್ನವರ ಸಂಸ್ಥೆ ಬೆನ್ನು ತಟ್ಟುವುದಕ್ಕಷ್ಟೇ ಇರುವುದಲ್ಲ. ನಾಚಿಕೆಪಡಿಸದೆ ತಿದ್ದುವುದಕ್ಕೂ ಇರುವುದು. ಹೊರಗಿನವರು ತಿದ್ದಿದರೆ ಅಲ್ಲಿ ನಾವು ಮೊದಲು ನಮ್ಮನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಆಮೇಲೆ ಕಲಿಯುವುದು.

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿ 1950ರಲ್ಲಿ ಔರಂಗಾಬಾದಿನಲ್ಲಿ ತೆರೆದ ಕಾಲೇಜು, ಮುಂದೆ ಮಿಲಿಂದ್ ಕಾಲೇಜು ಎಂದು ಹೆಸರಾದದ್ದು. ಕರ್ನಾಟಕದಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಕಾಲೇಜಿಗಿಂತ ಹಾಸ್ಟೆಲ್ಲು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದಾಗ ರಾಜ್ಯದಲ್ಲಿ ಎದ್ದ ಗಲಾಟೆ ದಲಿತ ವಿದ್ಯಾರ್ಥಿಗಳ ಮೈಮೇಲೂ ಬಿತ್ತು. ಒಂಟಿ ಹುಡುಗನಾಗಿದ್ದರೆ ಹೆದರಿ ಊರಿಗೆ ಹೋಗುತ್ತಿದ್ದ. ಒಟ್ಟಿಗೆ ಇದ್ದವರು ಒಟ್ಟಿಗೆ ನಿಂತರು. ಎರಡು ವರ್ಷದಲ್ಲಿ, 1975ರಲ್ಲಿ, ‘ಹೊಲೆಮಾದಿಗರ ಹಾಡು’ ಬಂತು. ಆ ಸಂಕಲನದ ‘ನಾವು’ ಎಂಬ ದನಿ ಊಟದ ಪಂಕ್ತಿಯಲ್ಲಿ, ರಾತ್ರಿಯ ಚರ್ಚೆಯಲ್ಲಿ ಹದಗೊಂಡದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಪ್ರತ್ಯೇಕ ಸಂಸ್ಥೆಯೆಂದರೆ ಪ್ರತ್ಯೇಕತೆಯಲ್ಲವೇ? ಅದಕ್ಕೆ ಉತ್ತರ ನಾನಿರುವ ಪ್ಯಾರಮಟ್ಟಾದ ನೆಲದಲ್ಲೇ ಇದೆ. ಗವರ್ನರ್ ಮ್ಯಾಕ್ವಾರಿ 1815ರ ಆರಂಭದಲ್ಲಿ ಇಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ‘ನೇಟಿವ್ ಇನ್‌ಸ್ಟಿಟ್ಯೂಷನ್’ ಎಂಬ ಶಾಲೆ ತೆರೆದ. ಅದೂ ಪ್ರತ್ಯೇಕ ಶಾಲೆಯೇ. ಆದರೆ ಒಳಗೆ ಹೋದ ಮಗುವನ್ನು ಅಪ್ಪ ಅಮ್ಮ ತಮಗೆ ಬೇಕಾದಾಗ ಕರೆದುಕೊಂಡು ಹೋಗುವಂತಿರಲಿಲ್ಲ. ಮಕ್ಕಳನ್ನು ತಮ್ಮವರಿಂದ ಬಿಡಿಸುವುದೇ ಅದರ ಉದ್ದೇಶ. 1819ರಲ್ಲಿ ಆ ಶಾಲೆಯ ಹುಡುಗಿ ಮರಿಯಾ, ಬಿಳಿಯ ಮಕ್ಕಳೂ ಕೂತ ಪರೀಕ್ಷೆಯಲ್ಲಿ ಮೊದಲ ಬಹುಮಾನ ಪಡೆದಳು. ಶಾಲೆ ತನ್ನ ಗೆಲುವೆಂದು ಅದನ್ನು ತೋರಿಸಿಕೊಂಡಿರಬೇಕು. ಆಕೆ ಮಾತ್ರ ಕಲಿತ ಇಂಗ್ಲಿಷನ್ನು ಬೇರೆ ಕೆಲಸಕ್ಕೆ ಬಳಸಿದಳು: 1831ರಲ್ಲಿ ತೀರಿಹೋದ ಅಣ್ಣ ಕೋಲ್ಬಿಯ ಜಮೀನು ತನಗೆ ಬರಬೇಕೆಂದು ಗವರ್ನರಿಗೆ ಅರ್ಜಿ ಬರೆದಳು, ಕೊನೆಗೆ ಪಡೆದಳು. ಆಕೆ ಬೆಳೆದದ್ದು ಶಾಲೆಯಿಂದಾಗಿ ಎನ್ನುವುದಕ್ಕಿಂತ ಶಾಲೆಯನ್ನು ಮೀರಿ ಎನ್ನಬೇಕು. 1823ರಲ್ಲಿ ಶಾಲೆ ಬ್ಲ್ಯಾಕ್‌ಟೌನಿಗೆ ಹೋಯಿತು. ಆ ಜಾಗ 2018ರಲ್ಲಿ ದಾರುಗ್ ಜನರಿಗೆ ಮರಳಿತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕಟ್ಟಿದವರು ಯಾರು ಎಂಬುದರಲ್ಲಿ ಮಾತ್ರ ಅಲ್ಲ. ಹೊವರ್ಡ್ ಒಬ್ಬ ಬಿಳಿಯ ಜನರಲ್ಲನ ಹೆಸರು. ಗೋಪಾಲಸ್ವಾಮಿ ಅಯ್ಯರ್ ಬ್ರಾಹ್ಮಣರು. ಬಾಗಿಲ ಮೇಲಿನ ಹೆಸರು ಒಳಗಿದ್ದವರದಲ್ಲ. ಆದರೆ ಶ್ರೀರಾಂಪುರದ ಹುಡುಗ ರಜೆಗೆ ಕೇರಿಗೆ ಹೋಗುತ್ತಿದ್ದ, ಅಲ್ಲಿನ ಮಾತನ್ನು ಹಾಸ್ಟೆಲ್ಲಿಗೆ ತರುತ್ತಿದ್ದ. ಮುಂದೆ ಅವನು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು. ಓದು ಅವನನ್ನು ಕೇರಿಯಿಂದ ಕಿತ್ತುಕೊಳ್ಳಲಿಲ್ಲ.

ನಾನು ಬಿಕಾಂ ಓದಿದ್ದು ಬೆಂಗಳೂರಿನ ಒಂದು ಜನಾಂಗದ ಹಾಸ್ಟೆಲ್ಲಿನಲ್ಲಿದ್ದುಕೊಂಡು. ಸಿಡ್ನಿ, ಮೆಲ್ಬರ್ನಿನ ನಮ್ಮ ಪೀಳಿಗೆಯ ಎಷ್ಟೋ ಕನ್ನಡಿಗರು ಹೀಗೇ ಬಂದವರು. ಒಕ್ಕಲಿಗರ ಸಂಘ 1906ರದು, ಬೆಳಗಾವಿಯ ಕೆಎಲ್‌ಇ 1916ರದು; ಇಂಥ ಸಂಸ್ಥೆಗಳ ಅನ್ನ, ಕೋಣೆ, ಶಿಫಾರಸು ನಮ್ಮನ್ನು ವಿಮಾನ ಹತ್ತಿಸಿತು. ನಮ್ಮ ಲೆಕ್ಕದಲ್ಲಿ ಅದನ್ನು ‘ಸಮಾಜದ ಸೇವೆ’ ಎಂದು ಬರೆದುಕೊಳ್ಳುತ್ತೇವೆ. ಅದೇ ಅನ್ನ ಸರ್ಕಾರದ ಹಾಸ್ಟೆಲ್ಲಿನಲ್ಲಿ ದಲಿತ ಹುಡುಗನ ತಟ್ಟೆಗೆ ಬಿದ್ದರೆ ಖಾತೆಯ ಹೆಸರೇ ಬದಲಾಗುತ್ತದೆ. ಅರವಿಂದ ಮಾಲಗತ್ತಿಯವರು 1994ರ ತಮ್ಮ ಆತ್ಮಕಥೆಗೆ ಆ ಬದಲಾದ ಹೆಸರನ್ನೇ ಇಟ್ಟರು: ‘ಗೌರ್ಮೆಂಟ್ ಬ್ರಾಹ್ಮಣ’. ಸೌಲಭ್ಯ ಪಡೆದವನನ್ನು ಚುಚ್ಚುವ ಬೈಗುಳವದು. ಒಂದೇ ಬಗೆಯ ಖರ್ಚನ್ನು ಎರಡು ಹೆಸರಲ್ಲಿ ಬರೆದ ಪುಸ್ತಕಕ್ಕೆ ಯಾವ ಆಡಿಟರೂ ಸಹಿ ಹಾಕುವುದಿಲ್ಲ.

ಈ ಎರಡೂ ಆತ್ಮಕಥೆಗಳಿಗೆ ಒಂದು ಮಿತಿಯೂ ಇದೆ. ಎರಡೂ ಗಂಡಸರವು. ರಾತ್ರಿ ಸ್ಮಶಾನದಲ್ಲಿ ಕೂತು ಓದುವ ಸ್ವಾತಂತ್ರ್ಯ ಅದೇ ಕೇರಿಯ ಹುಡುಗಿಗೆ ಇರಲಿಲ್ಲ. ಹುಡುಗಿಯರ ಹಾಸ್ಟೆಲ್ಲಿನ ನಗು ಹೇಗಿತ್ತು, ಗೇಟು ಎಷ್ಟು ಗಂಟೆಗೆ ಮುಚ್ಚುತ್ತಿತ್ತು, ಮುಚ್ಚಿದ ಮೇಲೆ ಒಳಗೆ ಏನು ಮಾತಾಡುತ್ತಿದ್ದರು ಎಂಬುದು ಈ ಪುಟಗಳಲ್ಲಿ ಸಿಗುವುದಿಲ್ಲ. ‘ಊರು ಕೇರಿ’ಯ ನಗು ಕೆಲವೊಮ್ಮೆ ಹಸಿವಿನ ಮೇಲೆ ಬೇಗ ಜಾರಿಹೋಗುತ್ತದೆ ಎಂದೂ ನನಗನ್ನಿಸಿದೆ.

ಸಿದ್ಧಲಿಂಗಯ್ಯನವರು 2021ರ ಜೂನಿನಲ್ಲಿ ತೀರಿಕೊಂಡಾಗ ಅವರ ಕ್ರಾಂತಿಗೀತೆಗಳನ್ನು ಎಲ್ಲರೂ ನೆನೆದರು. ಹಾಸ್ಟೆಲ್ಲನ್ನು ನೆನೆದವರು ಕಡಿಮೆ. ನಮ್ಮ ಕನ್ನಡ ಸಂಘಗಳು ಊರಿನ ಮಕ್ಕಳ ಓದಿಗೆಂದು ಹಣ ಕೂಡಿಸುವಾಗ ಸಾಮಾನ್ಯವಾಗಿ ಹೆಚ್ಚು ಅಂಕ ಪಡೆದ ಒಬ್ಬಿಬ್ಬರನ್ನು ಹುಡುಕುತ್ತವೆ. ಈ ಪುಸ್ತಕ ಓದಿದ ಮೇಲೆ ಆ ಹಣ ಒಂದು ಹಾಸ್ಟೆಲ್ಲಿನ ಗ್ರಂಥಾಲಯಕ್ಕೆ, ಅಡುಗೆಮನೆಗೆ, ರಾತ್ರಿ ಹತ್ತರ ಮೇಲೂ ಉರಿಯುವ ದೀಪಕ್ಕೆ ಹೋಗಲಿ ಎನಿಸುತ್ತದೆ. ಒಬ್ಬ ಹುಡುಗನನ್ನು ಆರಿಸಿದರೆ ಅವನು ಮತ್ತೆ ಪ್ರತಿನಿಧಿಯಾಗುತ್ತಾನೆ. ಐವತ್ತು ಮಂದಿ ಒಟ್ಟಿಗಿದ್ದರೆ ಅವರಲ್ಲೊಬ್ಬ ಕವಿಯಾಗಬಹುದು, ಉಳಿದವರು ಅವನ ಕವಿತೆಗೆ ನಗಬಹುದು.