ಅನುದಾನದ ಗತಿ: ಜೇನ್ ಜೇಕಬ್ಸರ ಒಂದು ವಾದ

1961ರಲ್ಲಿ ಪ್ರಕಟವಾದ ಜೇನ್ ಜೇಕಬ್ಸರ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಪಾದಚಾರಿಗಳ ಪಕ್ಷ ವಹಿಸಿದ ಗ್ರಂಥವೆಂದು ಪ್ರಸಿದ್ಧವಾಗಿದೆ. ಅದರಲ್ಲಿನ ಹಣದ ವಿಚಾರವನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ 1949ರ ವಸತಿ ಶಾಸನದನ್ವಯ, ಹಳೆಯ ಬಡಾವಣೆಯನ್ನು ಕೊಂಡು, ಕೆಡವಿ, ನೆಲವನ್ನು ಅಗ್ಗವಾಗಿ ಮಾರುವುದರಿಂದಾಗುವ ನಷ್ಟದ ಮೂರರಲ್ಲೆರಡು ಪಾಲನ್ನು ಕೇಂದ್ರ ಸರ್ಕಾರ ತುಂಬುತ್ತಿತ್ತು. ಬಾಸ್ಟನ್ನಿನ ವೆಸ್ಟ್ ಎಂಡ್ 1958ರಿಂದ ನೆಲಸಮವಾದುದು ಈ ನೆರವಿನಿಂದಲೇ. ಇಂತಹ ಹಣವನ್ನು ಲೇಖಕಿ ಪ್ರಳಯರೂಪಿಯೆಂದೂ, ಒಂದೊಂದೇ ಕಟ್ಟಡವನ್ನು ತಿದ್ದುತ್ತ ಬರುವ ಹಣವನ್ನು ಕ್ರಮಗತವೆಂದೂ ವಿಂಗಡಿಸುತ್ತಾರೆ. ಕೆರೆಯೊಡೆದ ನೀರಿಗೂ ತೂಬಿನ ನೀರಿಗೂ ಇರುವ ಅಂತರವಿದು.

ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ ಸಂಸ್ಥೆ 1977ರಲ್ಲಿ ಗೇಲ್ಸ್‌ಬರ್ಗ್, ಹಾಟ್ ಸ್ಪ್ರಿಂಗ್ಸ್, ಮ್ಯಾಡಿಸನ್ ಎಂಬ ಮೂರು ಊರುಗಳಲ್ಲಿ ಆರಂಭಿಸಿದ ಮೇನ್ ಸ್ಟ್ರೀಟ್ ಯೋಜನೆ ಎರಡನೆಯ ಮಾರ್ಗವನ್ನು ಹಿಡಿಯಿತು. ಪೇಟೆಬೀದಿಯನ್ನು ಕೆಡವದೆ, ಅಂಗಡಿಗಳ ಮುಂಭಾಗವನ್ನು ದುರಸ್ತಿಗೊಳಿಸಿ, ವರ್ತಕರನ್ನು ಸಂಘಟಿಸಿ, ಜನರು ಮತ್ತೆ ನಡೆದುಬರುವಂತೆ ಮಾಡುವುದು ಅದರ ಕ್ರಮ. ಇದು ಸ್ತುತ್ಯವೇ ಸರಿ.

ಆದರೆ ಜೇಕಬ್ಸರ ಮತ್ತೊಂದು ಎಚ್ಚರಿಕೆಯುಂಟು. ಅವರ ದೃಷ್ಟಿಯಲ್ಲಿ ಹಳೆಯ ಕಟ್ಟಡದ ಮುಖ್ಯ ಪ್ರಯೋಜನ ಅದರ ಕಡಿಮೆ ಬಾಡಿಗೆ. ಬೀದಿ ಯಶಸ್ಸು ಪಡೆದಂತೆ ಬಾಡಿಗೆಯೇರಿ, ಅದನ್ನು ಬೆಳೆಸಿದ ವೈವಿಧ್ಯವೇ ಅಳಿಯಬಹುದು. ಯೋಜನೆಯ ನಾಲ್ಕು ಅಂಗಗಳಾದ ಸಂಘಟನೆ, ಪ್ರಚಾರ, ವಿನ್ಯಾಸ, ಆರ್ಥಿಕ ಚೈತನ್ಯಗಳಲ್ಲಿ ಬಾಡಿಗೆದಾರನ ರಕ್ಷಣೆಗೆ ಪ್ರತ್ಯೇಕ ಸ್ಥಾನವಿಲ್ಲ. ಆದುದರಿಂದ ಜೇಕಬ್ಸರ ವಾದದ ಅರ್ಧಭಾಗ ಮಾತ್ರ ಇಲ್ಲಿ ಕಾರ್ಯರೂಪಕ್ಕೆ ಬಂದಿದೆಯೆಂಬುದು ನಮ್ಮ ಮತ. ಅನುದಾನ ಪಡೆದ ಬೀದಿ ಎಷ್ಟು ಸುಂದರವಾಯಿತೆಂದು ಅಳೆಯುವುದು ಸುಲಭ. ಅಲ್ಲಿ ಮೊದಲಿದ್ದ ದರ್ಜಿ, ಕ್ಷೌರಿಕರು ಹತ್ತು ವರ್ಷಗಳ ಮೇಲೂ ಅಲ್ಲಿಯೇ ಉಳಿದಿರುವರೇ ಎಂಬುದು ನಿಜವಾದ ಒರೆಗಲ್ಲು.