ಹಾಯಿದೋಣಿಯ ಒಲೆ

ಒಬ್ಬನೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. ಅವನು ಹೊರಟದ್ದು 1895ರಲ್ಲಿ, ಮರಳಿದ್ದು 1898ರಲ್ಲಿ. ಆ ಪ್ರಯಾಣದ ಪುಸ್ತಕ 'ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್' 1900ರಲ್ಲಿ ಬಂತು, ಇವತ್ತಿಗೂ ಅಚ್ಚಿನಲ್ಲಿದೆ. ಓದಿ ಮುಗಿಸಿದವರ ನೆನಪಿನಲ್ಲಿ ಬಿರುಗಾಳಿಗಳಿಗಿಂತ ಗಟ್ಟಿಯಾಗಿ ಉಳಿಯುವುದು ಅದರಲ್ಲಿನ ತಿಂಡಿ ತಿನಿಸಿನ ಪ್ರಸಂಗಗಳು. ಅಜೋರ್ಸ್ ದ್ವೀಪದವರು ಕೊಟ್ಟ ಪ್ಲಮ್ ಹಣ್ಣು ಮತ್ತು ಬಿಳಿ ಚೀಸನ್ನು ಹೊಟ್ಟೆ ಬಿರಿಯ ತಿಂದು, ನೋವಿನಿಂದ ಕ್ಯಾಬಿನ್ನಿನ ನೆಲದ ಮೇಲೆ ಬಿದ್ದಿರುವಾಗ, ಕೊಲಂಬಸ್ಸನ ಕಾಲದ 'ಪಿಂಟಾ' ಹಡಗಿನ ಚುಕ್ಕಾಣಿಗಾರ ಬಂದು ತನ್ನ ದೋಣಿ ನಡೆಸುತ್ತಿರುವಂತೆ ಅವನಿಗೆ ಕಾಣುತ್ತದೆ. ಹುವಾನ್ ಫರ್ನಾಂಡಿಸ್ ದ್ವೀಪದವರಿಗೆ ಕೊಬ್ಬಿನಲ್ಲಿ ಡೋನಟ್ ಕರಿಯುವುದನ್ನು ಕಲಿಸುತ್ತಾನೆ. ಸೇಂಟ್ ಹೆಲೆನಾದಲ್ಲಿ ಹತ್ತಿಸಿಕೊಂಡ ಆಡು ಅವನ ವೆಸ್ಟ್ ಇಂಡೀಸ್ ನಕ್ಷೆಯನ್ನೇ ತಿಂದುಹಾಕುತ್ತದೆ. ಒಂದು ಡಾಲರಿಗೆ ಕೊಂಡ ತಗಡಿನ ಗಡಿಯಾರ ಹಟ ಹಿಡಿದಾಗ ಅದನ್ನು ನೀರಲ್ಲಿ ಹಾಕಿ ಕುದಿಸುತ್ತಾನೆ. ಅದು ಮತ್ತೆ ಓಡುತ್ತದೆ!

ಎಲ್ಲವೂ ಚೆಂದ, ಮತ್ತೆ ಮತ್ತೆ ಓದಬೇಕೆನಿಸುವಷ್ಟು ಚೆಂದ. ಆದರೆ ಗಮನಿಸಿ: ಸ್ಲೋಕಮ್‌ನಲ್ಲಿ ಊಟ ಎಂದರೆ ಒಂದೋ ತಮಾಷೆ, ಇಲ್ಲವೇ ಗಂಡಾಂತರ. ಅದು ಎಂದೂ ಕೆಲಸ ಅಲ್ಲ. ಮೂರು ವರ್ಷ ದಿನವೂ ಯಾರೋ ಒಲೆ ಹಚ್ಚಿದ್ದಾರೆ, ಆಲೂಗೆಡ್ಡೆ ಸುಲಿದಿದ್ದಾರೆ, ತಳ ಹಿಡಿದ ಪಾತ್ರೆ ಉಜ್ಜಿದ್ದಾರೆ. ಆ ಯಾರೋ ಸ್ಲೋಕಮ್ಮನೇ. ಹಾಗಿದ್ದೂ ಆ ಸ್ಲೋಕಮ್ ಪುಸ್ತಕದೊಳಗೆ ಬರುವುದು ಅತಿಥಿಯ ಹಾಗೆ. ದಿನದಿನದ ಬೇಸರದ ದುಡಿಮೆಯನ್ನು ಹೊರಗಿಟ್ಟರೇ ಸಮುದ್ರದ ಕಥೆಗೆ ವೇಗ ಬರುತ್ತದೆ ಎಂಬುದು ಒಳ್ಳೆಯ ಕತೆಗಾರನಾದ ಅವನಿಗೆ ಗೊತ್ತಿತ್ತು.

ಹೊರಗಿಟ್ಟದ್ದು ದುಡಿಮೆಯನ್ನು ಮಾತ್ರವಲ್ಲ. ಇದಕ್ಕೂ ಮೊದಲು, 1888ರಲ್ಲಿ, ಬ್ರೆಜಿಲ್ ಕರಾವಳಿಯಲ್ಲಿ ಹಡಗು ಕಳೆದುಕೊಂಡ ಸ್ಲೋಕಮ್ ಅಲ್ಲೇ 35 ಅಡಿಯ ದೋಣಿಯೊಂದನ್ನು ಕಟ್ಟಿ, ಹೆಂಡತಿ ಹೆಟ್ಟಿ ಮತ್ತು ಇಬ್ಬರು ಮಕ್ಕಳೊಂದಿಗೆ ಅಮೆರಿಕಕ್ಕೆ ಮರಳಿದ್ದ. ಆ ದೋಣಿಯ ಹಾಯಿಗಳನ್ನು ಹೊಲಿದವಳು ಹೆಟ್ಟಿ. 'ವಾಯೇಜ್ ಆಫ್ ದ ಲಿಬರ್ಡೇಡ್' ಎಂಬ ಅವನ ಪುಸ್ತಕ ಇದರದೇ ಕಥೆ. ನಾಲ್ಕು ಜನರ ಒಂದು ಸಂಸಾರ ತಿಂಗಳುಗಟ್ಟಲೆ ಅಷ್ಟು ಕಿರಿದಾದ ಜಾಗದಲ್ಲಿ ಹೇಗೆ ಉಂಡಿತು, ಹೇಗೆ ಮಲಗಿತು, ಯಾರು ಯಾರ ಮೇಲೆ ರೇಗಿದರು ಎಂದು ತಿಳಿಯಬೇಕೆಂದು ಆ ಪುಸ್ತಕ ಕೈಗೆತ್ತಿಕೊಂಡರೆ ಸಿಗುವುದು ತೀರಾ ಕಡಿಮೆ. ಆ ಯಾನ ಮುಗಿದ ಮೇಲೆ ಹೆಟ್ಟಿ ಮತ್ತೆ ಅವನೊಂದಿಗೆ ಸಮುದ್ರಕ್ಕೆ ಇಳಿಯಲಿಲ್ಲ. 'ಅಲೋನ್' ಎಂಬ ಮಾತನ್ನು ಓದುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಸ್ಲೋಕಮ್ ಹಾಕಿದ ಅಚ್ಚು ಎಪ್ಪತ್ತು ವರ್ಷ ಕಳೆದರೂ ಮಾಸಲಿಲ್ಲ. 1968ರಲ್ಲಿ ಎಲ್ಲೂ ನಿಲ್ಲದೆ, ಒಂಟಿಯಾಗಿ ಭೂಮಿ ಸುತ್ತುವ ಸ್ಪರ್ಧೆ ನಡೆಯಿತು. ಹೊರಟವರು ಒಂಬತ್ತು ಜನ, ಮುಗಿಸಿದವನು ಒಬ್ಬ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ 32 ಅಡಿಯ ದೋಣಿ 'ಸುಹೈಲಿ' ತಯಾರಾದದ್ದು ಮುಂಬಯಿಯಲ್ಲಿ, ನಮ್ಮ ತೇಗದ ಮರದಲ್ಲಿ. 312 ದಿನ ಅವನು ಒಬ್ಬನೇ ಬೇಯಿಸಿಕೊಂಡು ಉಂಡ. ಅದೇ ಸ್ಪರ್ಧೆಯಲ್ಲಿ ಗೆಲುವು ಹತ್ತಿರವಿದ್ದಾಗ ಅದನ್ನು ಕೈಬಿಟ್ಟು ತಾಹಿತಿಯ ಕಡೆಗೆ ದೋಣಿ ತಿರುಗಿಸಿದವನು ಬರ್ನಾರ್ಡ್ ಮೊಯ್ತೆಸಿಯೆ. ಅವನ ದೋಣಿಯ ಹೆಸರು 'ಜೋಶುವಾ', ಸ್ಲೋಕಮ್ಮನ ನೆನಪಿಗೆ ಇಟ್ಟದ್ದು. ಅವನ 'ದ ಲಾಂಗ್ ವೇ' ಈ ಬಗೆಯ ಪುಸ್ತಕಗಳಲ್ಲೇ ಹೆಚ್ಚು ಕಾವ್ಯಗುಣ ಉಳ್ಳದ್ದು ಎಂದು ಹೆಸರಾಗಿದೆ, ಅದು ಸುಳ್ಳೂ ಅಲ್ಲ. ದೋಣಿ ಹಗುರಾಗಲೆಂದು ಆಹಾರದ ಸಾಮಾನುಗಳನ್ನೂ ಅವನು ನೀರಿಗೆ ಎಸೆಯುತ್ತಾನೆ. ಓದುತ್ತಿದ್ದರೆ ವೈರಾಗ್ಯದ ಒಂದು ಕ್ರಿಯೆಯ ಹಾಗೆ ಕಾಣುತ್ತದೆ. ಅಡುಗೆಮನೆ ನೋಡಿಕೊಳ್ಳುವವರಾರೂ ಅಷ್ಟು ಸುಲಭವಾಗಿ ವೈರಾಗ್ಯಕ್ಕೆ ಇಳಿಯಲಾರರು ಅನ್ನಿಸಿ ನಗುವೂ ಬರುತ್ತದೆ.

ಇಂಥ ಸಾಹಸದ ಪುಸ್ತಕಗಳಲ್ಲಿ ಅಡುಗೆ ಮುಂದೆ ಬರುವುದು ಅದು ಕೆಟ್ಟಾಗ ಮಾತ್ರ. ನಾಕ್ಸ್-ಜಾನ್‌ಸ್ಟನ್‌ನ ಟ್ಯಾಂಕಿನ ನೀರು ಕುಡಿಯಲು ಬಾರದಂತಾದಾಗ, ಅವನು ಹಾಯಿಯಿಂದ ಇಳಿಯುವ ಮಳೆನೀರನ್ನು ಹಿಡಿದಾಗ, ನೀರು ಎಂಬುದು ಥಟ್ಟನೆ ಕಥೆಯೊಳಗೆ ಬಂದು ಕೂರುತ್ತದೆ. ನಮ್ಮವರದೂ ಇದೇ ಕಥೆ. ನೌಕಾಪಡೆಯ ಅಭಿಲಾಷ್ ಟಾಮಿಯವರು 2012-13ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದಾಗ ಕುಡಿಯುವ ನೀರಿಗೆ ಡೀಸೆಲ್ ಸೇರಿಬಿಟ್ಟಿತ್ತು, ಮಳೆಯನ್ನೇ ನಂಬಬೇಕಾಯಿತು. ಅವರಿದ್ದ ದೋಣಿಯ ಹೆಸರು 'ಮ್ಹಾದೇಯಿ'. ಅದು ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ನಮ್ಮ ಮಹದಾಯಿ ನದಿಯದೇ ಹೆಸರು. ಕುಡಿಯುವ ನೀರಿಗಾಗಿ ಎರಡು ರಾಜ್ಯಗಳು ಜಗಳ ಕಾಯುವ ನದಿಯ ಹೆಸರು ಹೊತ್ತ ದೋಣಿಯಲ್ಲೇ ಹೀಗಾದದ್ದು ನಮ್ಮ ಕಡೆಯ ಓದುಗರಿಗೆ ಒಂದು ಕ್ಷಣ ಬೇರೆಯದೇ ಅರ್ಥ ಹೊಳೆಯಿಸೀತು. ಅದಿರಲಿ. ನೀರು ಸರಿಯಾಗಿದ್ದ ನೂರಾರು ದಿನಗಳ ಮಾತೇನು? ಅನ್ನ ಬೆಂದ ದಿನ ಸುದ್ದಿಯಾಗುವುದಿಲ್ಲ, ಸೀದ ದಿನ ಆಗುತ್ತದೆ.

ಲಿನ್ ಪಾರ್ಡಿಯ ಪುಸ್ತಕ ಮುಖ್ಯವಾಗುವುದು ಇಲ್ಲಿ. 1980ರಲ್ಲಿ ಮೊದಲು ಬಂದ ಅದು ಈಗ 'ದ ಕೇರ್ ಅಂಡ್ ಫೀಡಿಂಗ್ ಆಫ್ ಸೇಲಿಂಗ್ ಕ್ರೂ' ಎಂಬ ಹೆಸರಿನಲ್ಲಿ ಸಿಗುತ್ತದೆ. ಅಂಗಡಿಯವರು ಅದನ್ನು ಅಡುಗೆ ಪುಸ್ತಕಗಳ ಸಾಲಿನಲ್ಲೋ ದೋಣಿ ರಿಪೇರಿಯ ಕೈಪಿಡಿಗಳ ಸಾಲಿನಲ್ಲೋ ಇಡುತ್ತಾರೆ. ನನ್ನ ಮಟ್ಟಿಗೆ ಅದು ಸಮುದ್ರ ಸಾಹಿತ್ಯದ ಸಾಲಿನಲ್ಲಿ, ಸ್ಲೋಕಮ್ಮನ ಪಕ್ಕದಲ್ಲೇ ಇರಬೇಕಾದ ಪುಸ್ತಕ.

ಲಿನ್ ಮತ್ತು ಅವಳ ಗಂಡ ಲ್ಯಾರಿ 'ಸೆರಾಫಿನ್' ಎಂಬ ದೋಣಿಯನ್ನು ಕ್ಯಾಲಿಫೋರ್ನಿಯಾದಲ್ಲಿ ತಾವೇ ಕಟ್ಟಿ 1968ರಲ್ಲಿ ನೀರಿಗಿಳಿಸಿದರು. ಉದ್ದ ಇಪ್ಪತ್ತನಾಲ್ಕು ಅಡಿ ಚಿಲ್ಲರೆ. ಎಂಜಿನ್ ಇಲ್ಲ, ಫ್ರಿಜ್ ಇಲ್ಲ, ರಾತ್ರಿ ಎಣ್ಣೆದೀಪ. ಅದೇ ಅವರ ಮನೆ. ಆ ದೋಣಿಯಲ್ಲಿ ಜಪಾನಿನಿಂದ ಕೆನಡಾಕ್ಕೆ, ಪೆಸಿಫಿಕ್‌ನ ಉತ್ತರ ಭಾಗವನ್ನು 49 ದಿನ ದಾಟಿದ್ದರ ದಿನಚರಿ ಈ ಪುಸ್ತಕದ ಬೆನ್ನುಮೂಳೆ. ಪ್ರತಿ ದಿನಕ್ಕೆ ಒಂದು ಬರಹ: ಎಷ್ಟು ಮೈಲಿ ಸಾಗಿತು, ಗಾಳಿ ಹೇಗಿತ್ತು, ಅದರ ಕೆಳಗೆ ಆ ದಿನ ಏನೇನು ಉಂಡೆವು. ನಡುನಡುವೆ ತತ್ತಿ, ಬ್ರೆಡ್ಡು, ನೀರು, ಬಂದರುಗಳಲ್ಲಿ ಸಾಮಾನು ಕೊಳ್ಳುವುದು, ವಾಂತಿ ಬರಿಸುವ ಸಮುದ್ರ ಇಂಥವುಗಳ ಮೇಲೆ ಪುಟ್ಟ ಪ್ರಬಂಧಗಳು.

ನೋಡಲು ಸಲೀಸಾದ ವಿನ್ಯಾಸ. ಆದರೆ ಹಡಗಿನ ಲಾಗ್ ಪುಸ್ತಕದಲ್ಲಿ ಊಟಕ್ಕೆ ಜಾಗವಿಲ್ಲ. ಅಲ್ಲಿ ಅಕ್ಷಾಂಶ, ರೇಖಾಂಶ, ಗಾಳಿ, ಹಾಯಿ ಇಷ್ಟೇ. ಅದೇ ಹಾಳೆಯಲ್ಲಿ, ಅದೇ ದನಿಯಲ್ಲಿ ಮಧ್ಯಾಹ್ನದ ಊಟವನ್ನೂ ಬರೆದಾಗ ಎರಡಕ್ಕೂ ಒಂದೇ ತೂಕ ಬರುತ್ತದೆ. ಲಿನ್ ಇದನ್ನು ವಾದ ಮಾಡಿ ಹೇಳುವುದಿಲ್ಲ, ಬರೆದಿಡುತ್ತಾಳೆ ಅಷ್ಟೇ. ಹಾಗೆ ಬರೆದಿಟ್ಟದ್ದರಿಂದ ಇನ್ನೊಂದು ಬಗೆಯ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಫ್ರಿಜ್ ಇಲ್ಲದ ದೋಣಿಯಲ್ಲಿ ಮೊದಲು ಹೋಗುವುದು ಸೊಪ್ಪು, ಆಮೇಲೆ ಹಣ್ಣು, ಟೊಮ್ಯಾಟೊ. ಎಲೆಕೋಸು ವಾರಗಟ್ಟಲೆ ತಡೆಯುತ್ತದೆ, ಮೇಲಿನ ಎಲೆ ಬಾಡಿದಂತೆ ಕಿತ್ತು ಹಾಕುತ್ತ ಹೋಗಬೇಕು. ಈರುಳ್ಳಿ, ಆಲೂಗೆಡ್ಡೆ ಕೊನೆಯತನಕ ಜೊತೆಗಿರುತ್ತವೆ, ಬೇರೆ ಬೇರೆ ಇಟ್ಟರೆ. ಬಾಳೆಗೊನೆ ಒಂದೇ ಸಲ ಪೂರ್ತಿ ಹಣ್ಣಾಗಿ ಇಬ್ಬರನ್ನೂ ಪೇಚಿಗೆ ಸಿಕ್ಕಿಸುತ್ತದೆ. ಬಿರುಗಾಳಿ ಇಲ್ಲದೆಯೂ ಇದರಲ್ಲಿ ಕುತೂಹಲವಿದೆ: ಏನು ಉಳಿದಿದೆ, ಎಷ್ಟು ದೂರವಿದೆ? ತರಕಾರಿ ಬುಟ್ಟಿಯೇ ಇಲ್ಲಿ ಕ್ಯಾಲೆಂಡರ್.

ಸಮುದ್ರದ ಮೇಲಿನ ಅಡುಗೆ ಎಂದರೆ ಏನೆಂದು ನೆಲದ ಮೇಲಿರುವ ನಮಗೆ ಕಲ್ಪನೆಗೆ ಸಿಗುವುದು ಕಷ್ಟ. ಹಾಯಿದೋಣಿ ಓಡುವುದೇ ಒಂದು ಮಗ್ಗುಲಿಗೆ ವಾಲಿಕೊಂಡು, ದಿನಗಟ್ಟಲೆ ಒಂದೇ ಮಗ್ಗುಲಿಗೆ. ಒಲೆಯನ್ನು ಎರಡು ತಿರುಗುಣಿಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ತೊಟ್ಟಿಲಿನ ಹಾಗೆ ತೂಗಿ ಮಟ್ಟವಾಗಿ ನಿಲ್ಲುತ್ತದೆ. ಪಾತ್ರೆ ಜಾರದಂತೆ ಸುತ್ತ ಕಂಬಿ. ಅಡುಗೆ ಮಾಡುವವರಿಗೂ ಸೊಂಟಕ್ಕೊಂದು ಪಟ್ಟಿ, ಎರಡೂ ಕೈ ಬಿಡುವಾಗಿರಲಿ ಎಂದು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ. ಗಾಳಿ ಜೋರಿದ್ದಾಗ ಜಾಣರು ಮಳೆಯಂಗಿಯ ಪ್ಯಾಂಟು ತೊಟ್ಟು ಒಲೆಯ ಮುಂದೆ ನಿಲ್ಲುತ್ತಾರೆ. ಸಮುದ್ರ ಮಧ್ಯದಲ್ಲಿ ಕುದಿನೀರು ಕಾಲ ಮೇಲೆ ಬಿದ್ದರೆ ಓಡಿಹೋಗಲು ಆಸ್ಪತ್ರೆ ಇಲ್ಲ. ಮುಚ್ಚಳ ಬಿಗಿದ ಪ್ರೆಶರ್ ಕುಕ್ಕರ್ ಬಗ್ಗೆ ದೋಣಿಯವರಿಗಿರುವ ಗೌರವ ನಮ್ಮ ತಾಯಂದಿರಿಗೂ ಇರಲಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಹೋಗಿ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಬಹಳ ಕಾಲ ಸೀಮೆಎಣ್ಣೆ ಸ್ಟವ್ವನ್ನೇ ನಂಬಿದವರು ಹೆಚ್ಚು. ಟಿನ್ನುಗಳ ಕಾಗದದ ಲೇಬಲ್ ಒದ್ದೆಯಾಗಿ ಕಳಚಿದರೆ ನೀರು ಹೊರಹಾಕುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲೇ ಕಿತ್ತು, ಟಿನ್ನಿನ ಮೇಲೆ ಪೇಂಟಿನಲ್ಲಿ ಗುರುತು ಬರೆಯುತ್ತಾರೆ. ಪಾತ್ರೆ ತೊಳೆಯಲು ಉಪ್ಪುನೀರು. ರಟ್ಟಿನ ಪೆಟ್ಟಿಗೆಯನ್ನು ದೋಣಿಯೊಳಗೆ ಬಿಡುವುದೇ ಇಲ್ಲ, ಜಿರಳೆಯ ಮೊಟ್ಟೆ ಬಂದೀತೆಂದು.

ಇದೆಲ್ಲ ಸಲಹೆಗಳ ಪಟ್ಟಿಯ ಹಾಗೆ ಕಾಣಬಹುದು. ಆದರೆ ಹಾಯಿ ಬಿಚ್ಚುವುದು, ಮಡಿಸುವುದು ಎಷ್ಟು ಕೌಶಲದ ಕೆಲಸವೋ ಒಂದು ಪಾತ್ರೆ ಅನ್ನ ಬೇಯಿಸುವುದೂ ಅಷ್ಟೇ ಕೌಶಲದ ಕೆಲಸ ಎಂಬುದು ಈ ವಿವರಗಳಿಂದ ತಿಳಿಯುವಷ್ಟು ಯಾವ ವ್ಯಾಖ್ಯಾನದಿಂದಲೂ ತಿಳಿಯುವುದಿಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ಹೆಂಗಸರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಲೆಗೆ ಸರಿಸುತ್ತಿದ್ದರಲ್ಲ, ಹಾಗೆ ಸರಿಸಿದವರಿಗೆ ಕಡಲಿನ ಮಧ್ಯದ ಅಡುಗೆಮನೆಯನ್ನು ಒಮ್ಮೆ ತೋರಿಸಬೇಕಿತ್ತು.

ಇಷ್ಟು ಹೊಗಳಿದ ಮೇಲೆ ಜಗಳವನ್ನೂ ಆಡಬೇಕು. ಪುಸ್ತಕದ ಹೆಸರೇ ನನಗೆ ಕಸಿವಿಸಿ. 'ಕೇರ್ ಅಂಡ್ ಫೀಡಿಂಗ್' ಎನ್ನುವುದು ಸಾಕಿದ ದನಕ್ಕೋ ನಾಯಿಗೋ ಹೇಳುವಂಥ ಮಾತು. ಅದರ ತಮಾಷೆ ಅರ್ಥವಾಗುತ್ತದೆ, ಆದರೆ ಆ ದೋಣಿಯಲ್ಲಿದ್ದ 'ಕ್ರೂ' ಎಂದರೆ ಇಬ್ಬರೇ. ಅವರಲ್ಲೊಬ್ಬಳು ಲಿನ್. ರಾತ್ರಿ ಪಾಳಿ ಮಾಡಿದವಳು, ಹಾಯಿ ಎಳೆದವಳು, ದೋಣಿ ಕಟ್ಟಿದವಳು. ಹಾಗಿರುವಾಗ ಆ ಹೆಸರಿನ ಪ್ರಕಾರ ನಾವಿಕ ಯಾರು? ಉಳಿದದ್ದು ಲ್ಯಾರಿ ಒಬ್ಬನೇ. ತನ್ನ ಪುಸ್ತಕದ ಹೆಸರಿನಿಂದಲೇ ತನ್ನನ್ನು ಇಳಿಸಿ, ಬಡಿಸುವವಳ ಜಾಗದಲ್ಲಿ ನಿಲ್ಲಿಸಿಕೊಂಡಿದ್ದಾಳೆ ಅನ್ನಿಸುತ್ತದೆ. ಒಳಗಿನ ದಿನಚರಿ ಊಟಕ್ಕೂ ಗಾಳಿಗೂ ಸಮಾನ ಸ್ಥಾನ ಕೊಟ್ಟರೆ ಹೊರಗಿನ ರಕ್ಷಾಪುಟ ಅದನ್ನು ಹಿಂದಕ್ಕೆ ಕಸಿದುಕೊಳ್ಳುತ್ತದೆ. ಜೊತೆಗೆ, ದನಿ ಒಮ್ಮೊಮ್ಮೆ ಅಗತ್ಯಕ್ಕಿಂತ ಲವಲವಿಕೆಯದು. 49 ದಿನದಲ್ಲಿ ಒಂದು ದಿನವಾದರೂ ಒಲೆಯನ್ನು ಸಮುದ್ರಕ್ಕೆ ಒಗೆಯಬೇಕೆಂದು ಅನ್ನಿಸಿರಲೇಬೇಕು.

ಈ ಮುಜುಗರ ಇಲ್ಲದ ಪುಸ್ತಕ ಆನಿ ಹಿಲ್‌ಳ 'ವಾಯೇಜಿಂಗ್ ಆನ್ ಎ ಸ್ಮಾಲ್ ಇನ್‌ಕಮ್' (1993). ಅವಳೂ ಅವಳ ಗಂಡ ಪೀಟ್‌ನೂ ತಾವೇ ಕಟ್ಟಿದ 34 ಅಡಿಯ 'ಬ್ಯಾಜರ್' ದೋಣಿಯಲ್ಲಿ ವರ್ಷಕ್ಕೆ 1,300 ಪೌಂಡುಗಳಲ್ಲಿ ಬದುಕಿದ ಲೆಕ್ಕ ಇದು. ಇಲ್ಲಿ ಬೇಳೆಕಾಳು ನಾಯಕ ಪಾತ್ರಕ್ಕೆ ಏರಿದೆ. ಮೂಟೆಗಟ್ಟಲೆ ಕೊಂಡಿಟ್ಟುಕೊಂಡ ಒಣಕಾಳು, ಕುಕ್ಕರ್, ಮನೆಯಲ್ಲೇ ಮಾಡಿದ ಮದ್ಯ. ಹುರುಳಿ-ಹೆಸರು ಉಂಡು ಬೆಳೆದ ನಮಗೆ ಕೆಲವು ಪುಟಗಳು ಹೊಸ ಸಂಗತಿ ಎಂಬಂತೆ ಬರೆದದ್ದು ನಗು ತರಿಸುತ್ತವೆ. ಆದರೆ ಅವಳು ಹೇಳುವುದು ದಿಟ್ಟ ಮಾತು: ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯವನ್ನು ತಂದುಕೊಟ್ಟದ್ದು ಗಾಳಿಯೂ ಅಲ್ಲ, ಸಾಹಸವೂ ಅಲ್ಲ, ಹೆಚ್ಚುಕಡಿಮೆ ಕಾಳಿನ ಡಬ್ಬ. ಮೊಯ್ತೆಸಿಯೆ ಆಹಾರವನ್ನು ಎಸೆದು ಪಡೆದ ಬಿಡುಗಡೆಯನ್ನು ಇವಳು ಅಳೆದು ತೂಗಿ ಕೂಡಿಟ್ಟು ಪಡೆಯುತ್ತಾಳೆ. ಎರಡನೆಯದು ಕಡಿಮೆ ಕಾವ್ಯಮಯ, ಹೆಚ್ಚು ದಿನ ಬಾಳುವಂಥದ್ದು.

ಒಂದು ತಕರಾರು ಇಬ್ಬರ ಮೇಲೂ ಉಳಿಯುತ್ತದೆ. ಇವರ ಬಡತನ ಆರಿಸಿಕೊಂಡದ್ದು. ಹಾಯಿ ಕಟ್ಟಿದ ಮರದ ಹಡಗುಗಳು ಮಂಗಳೂರು ಹೆಂಚು ಹೊತ್ತು ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ ಅವುಗಳ ಮೇಲೂ ಮೂರು ಹೊತ್ತು ಒಲೆ ಉರಿಯುತ್ತಿತ್ತು. ಲಾಸ್ಕರ್ ನಾವಿಕರ ಭಾಷೆಯಲ್ಲಿ ಅಡುಗೆಯವನಿಗೆ 'ಭಂಡಾರಿ' ಎಂದೇ ಹೆಸರು. ಹೊಟ್ಟೆಪಾಡಿಗೆ ಕಡಲಿಗಿಳಿದ ಅವನಿಗೆ ದಿನಚರಿ ಬರೆಯುವ ಬಿಡುವೂ ಇರಲಿಲ್ಲ, ಅದನ್ನು ಕೊಳ್ಳುವ ಪ್ರಕಾಶಕರೂ ಇರಲಿಲ್ಲ. ಲಿನ್ ಪಾರ್ಡಿಯನ್ನು ಓದುವಾಗ ಅವನ ಬುಟ್ಟಿಯಲ್ಲಿ ಎಷ್ಟನೆಯ ದಿನಕ್ಕೆ ಏನು ಉಳಿದಿರುತ್ತಿತ್ತು ಎಂದು ಕೇಳಬೇಕೆನಿಸುತ್ತದೆ.

ಸ್ಲೋಕಮ್‌ನ ಪುಸ್ತಕ ಹಕ್ಕುಸ್ವಾಮ್ಯದ ಅವಧಿ ಮುಗಿದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಅದನ್ನೇ ಓದಿ, ಆಡಿನ ಪ್ರಸಂಗಕ್ಕೆ ಮನಸಾರೆ ನಗಿ. ಆಮೇಲೆ ಪಾರ್ಡಿಯ ಮೂವತ್ತು ನಲವತ್ತನೆಯ ದಿನಗಳ ನಡುವೆ ಎಲ್ಲಿಯಾದರೂ ತೆರೆದು, ಮೈಲಿಗಳ ಕೆಳಗೆ ಬರೆದಿರುವ ಊಟವನ್ನು ಓದಿ.