ಚಪ್ಪರಕ್ಕೆ ವಂತಿಗೆ, ಕುಲುಮೆಗೆ ಆಯ

ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ದುಡ್ಡು ಹೊಂದಿಸೋಕೆ ಒಂದು ಉಪಾಯ ಇದೆ. ನಿಮಗೆ ಬೇಕಾದ ಫೀಚರ್ ಹೆಸರಲ್ಲಿ ನೂರೋ ಇನ್ನೂರೋ ಹಾಕಿ. ನಿಮ್ಮಂಥವರು ಸಾಕಷ್ಟು ಜನ ಸೇರಿದರೆ ಯಾರೋ ಒಬ್ಬ ಡೆವಲಪರ್ ಅದನ್ನು ಬರೆದುಕೊಟ್ಟು ಆ ಗಂಟು ತಗೋತಾರೆ. ಇದಕ್ಕೆ ಬೌಂಟಿ ಅಂತಾರೆ. ಬಸವನಗುಡಿ, ಚಾಮರಾಜಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣೇಶನ ಪೆಂಡಾಲಿಗೆ ಬೀದಿಯವರು ವಂತಿಗೆ ಎತ್ತೋ ಲೆಕ್ಕವೇ ಇದು. ರಸೀತಿ ಹರಿ, ಚಪ್ಪರ ಹಾಕು, ಮುಗೀತು.

ಉಪಾಯ ಕೆಟ್ಟದ್ದೇನಲ್ಲ. 2002ರಲ್ಲಿ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರನ್ನು ಹೂಡಿಕೆದಾರರ ಕೈಯಿಂದ ಬಿಡಿಸಿಕೊಳ್ಳೋಕೆ ಏಳೇ ವಾರದಲ್ಲಿ 1 ಲಕ್ಷ ಯೂರೋ ಕೂಡಿಬಂತು. ಒಂದೇ ಸಲದ ಕೆಲಸಕ್ಕೆ ವಂತಿಗೆ ಸರಿಯಾದ ದಾರಿ. ನನ್ನ ತಕರಾರು ಬೇರೆ. ಪೆಂಡಾಲನ್ನು ಹಬ್ಬ ಮುಗಿದ ಮೇಲೆ ಬಿಚ್ಚುತ್ತಾರೆ. ಕೋಡನ್ನು ಬಿಚ್ಚೋ ಹಾಗಿಲ್ಲ. ಬೌಂಟಿ ತಗೊಂಡವರು ಹೊರಟುಹೋದ ಮೇಲೂ ಆ ಫೀಚರ್ ಅಲ್ಲೇ ಇರುತ್ತೆ. ಮುಂದಿನ ಆಂಡ್ರಾಯ್ಡ್ ಬಂದಾಗ ಅದು ಕೆಟ್ಟರೆ ರಿಪೇರಿಗೆ ಯಾರ ಹತ್ತಿರವೂ ರಸೀತಿ ಪುಸ್ತಕ ಇರಲ್ಲ.

ವಂತಿಗೆ ಎತ್ತಿದ ಮಧ್ಯವರ್ತಿಯ ಕಥೆಯೂ ನೋಡಿ. ಬೌಂಟಿಸೋರ್ಸ್ ಅನ್ನೋ ತಾಣ 2020ರಲ್ಲಿ, ಎರಡು ವರ್ಷ ಯಾರೂ ಮುಟ್ಟದ ಬೌಂಟಿ ದುಡ್ಡು ತನಗೇ ಸೇರಬೇಕು ಅಂತ ನಿಯಮ ತಂದು, ಗಲಾಟೆಯಾದ ಮೇಲೆ ವಾಪಸ್ ತಗೊಂಡಿತು. 2023ರಲ್ಲಂತೂ ಕೆಲಸ ಮಾಡಿದ ಡೆವಲಪರ್‌ಗಳಿಗೇ ದುಡ್ಡು ಕೈಸೇರಲಿಲ್ಲ.

ಇದರಲ್ಲಿ ಕನ್ನಡಕ್ಕೆ ಇನ್ನೊಂದು ಪೆಟ್ಟಿದೆ. ಹೆಚ್ಚು ದುಡ್ಡು ಬಿದ್ದ ಫೀಚರ್ ಮೊದಲು ಅನ್ನೋದಾದರೆ ಡಾರ್ಕ್ ಮೋಡ್ ಗೆಲ್ಲುತ್ತೆ, ಅರ್ಕಾವತ್ತು ಸೋಲುತ್ತೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಜೋಡಿಸೋ ಹಾರ್ಫ್‌ಬಜ್ ಓಪನ್ ಸೋರ್ಸೇ. ಅದರ ಹಿಂದೆ ದೊಡ್ಡ ಕಂಪನಿಗಳ ಸಂಬಳದ ಎಂಜಿನಿಯರ್‌ಗಳಿದ್ದರು, ಬಚಾವಾದೆವು. ಎಲ್ಲದಕ್ಕೂ ಆ ಅದೃಷ್ಟ ಇಲ್ಲ. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ ನುಡಿಯನ್ನೇ ತಗೊಳ್ಳಿ. ಯೂನಿಕೋಡ್‌ಗೆ ಮುಂಚಿನ ಅದರ ಫಾಂಟುಗಳಲ್ಲಿ ಟೈಪಾದ ಫೈಲು ಇವತ್ತು ಬೇರೆ ಕಡೆ ತೆರೆದರೆ ಬರೀ ಚಿತ್ತಾರ. ಅದನ್ನು ಯೂನಿಕೋಡಿಗೆ ತರೋ ಮುಕ್ತ ಪರಿವರ್ತಕಗಳನ್ನು ಬರೆದಿರೋರು ಸ್ವಯಂಸೇವಕರು. ರಾತ್ರಿ ಊಟ ಆದ ಮೇಲೆ ಕೂತು ಮಾಡೋ ಕೆಲಸ ಅದು. ಅವರಿಗೆ ಬೇಸರ ಬಂದ ದಿನ ನಮ್ಮ ಹಳೇ ಬರಹ ಅಷ್ಟೂ ಬೀಗ ಹಾಕಿದ ಹಾಗೆ.

ಕನ್ನಡ ಚಿಕ್ಕದು ಅದಕ್ಕೇ ಹೀಗೆ ಅಂದುಕೋಬೇಡಿ. ಅರ್ಧ ಇಂಟರ್ನೆಟ್ಟಿಗೆ ಬೀಗದ ಕೈ ಆಗಿದ್ದ ಓಪನ್‌ಎಸ್‌ಎಸ್‌ಎಲ್‌ಗೆ, 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಗೋವರೆಗೂ ದೇಣಿಗೆ ಬರ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್.

ನಾನು ಹಳ್ಳಿಯಿಂದ ಬಂದವನು, ನಮ್ಮ ಕಡೆ ವಂತಿಗೆ ಬೇರೆ, ಆಯ ಬೇರೆ. ವಂತಿಗೆ ಜಾತ್ರೆಗೆ, ತೇರಿಗೆ. ಆಯ ಕಮ್ಮಾರನಿಗೆ, ಬಡಗಿಗೆ. ಸುಗ್ಗೀಲಿ ಕಣದಿಂದಲೇ ಇಷ್ಟು ರಾಗಿ ಅಳೆದು ಕೊಡೋರು. ಆ ವರ್ಷ ಎಷ್ಟು ಕುಳ ತಟ್ಟಿದೆ ಅಂತ ಯಾರೂ ಎಣಿಸ್ತಿರಲಿಲ್ಲ. ಊರಲ್ಲಿ ಕುಲುಮೆ ಆರಬಾರದು, ಅಷ್ಟೇ. ಆ ಪದ್ಧತಿಗೆ ಜಾತಿಯ ಕಟ್ಟು ಇತ್ತು, ಅದು ಸಡಿಲವಾದದ್ದು ಒಳ್ಳೇದೇ. ಆದರೆ ಲೆಕ್ಕ ಸರಿಯಾಗಿತ್ತು.

ಬ್ಲೆಂಡರ್‌ನವರೂ ಕೊನೆಗೆ ಈ ಲೆಕ್ಕಕ್ಕೇ ಬಂದರು. ಇವತ್ತು ಅವರ ಡೆವಲಪ್‌ಮೆಂಟ್ ಫಂಡಿಗೆ ಸಾಮಾನ್ಯ ಬಳಕೆದಾರರೂ ತಿಂಗಳು ತಿಂಗಳು ಕೆಲವೇ ಯೂರೋ ಕೊಡ್ತಾರೆ. ನಮ್ಮೂರಿನ ಜೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಶುರುಮಾಡಿತು. ಒಳ್ಳೆಯದೇ. ಆದರೆ ಊರ ಗೌಡ ಒಬ್ಬನೇ ಕೊಟ್ಟರೆ ಅದು ಆಯ ಅನ್ನಿಸಿಕೊಳ್ಳಲ್ಲ.

ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ ನಡೆಸೋ ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಪ್ರತಿ ವರ್ಷ ಚಪ್ಪರ ಬಿಚ್ಚಿದ ಮೇಲೂ ಮಂಡಳಿ ಉಳಿದದ್ದಕ್ಕೇ ಕಛೇರಿ ಇನ್ನೂ ನಡೀತಿದೆ. ನೀವು ದಿನಾ ಬಳಸೋ ಒಂದು ಕನ್ನಡ ಫಾಂಟೋ ಕೀಬೋರ್ಡೋ ಆರಿಸಿಕೊಳ್ಳಿ. ಅದನ್ನು ನೋಡಿಕೊಳ್ಳೋರು ಯಾರು ಅಂತ ಹುಡುಕಿ. ಗಾಂಧಿ ಬಜಾರಲ್ಲಿ ಇಬ್ಬರು ದೋಸೆ ತಿಂದು ಕಾಫಿ ಕುಡಿಯೋ ದುಡ್ಡನ್ನು ತಿಂಗಳಿಗೊಮ್ಮೆ ಕಳಿಸಿ. ಯಾವ ಫೀಚರನ್ನೂ ಕೇಳಬೇಡಿ.